ದಿಗ್ಗೇವಾಡಿಗೆ ಮುಖ ಮಾಡಿದ್ದ ಡಿಶ್

ಶಿರಗುಪ್ಪಿಯ ನೀರಿನ ಟಾಕಿಗೆ ಎಪ್ಪತ್ತೆರಡು ಮೆಟ್ಟಿಲು. ಹನ್ನೊಂದು ವರ್ಷ ಅವನ್ನು ಏರಿಳಿದವನು ಪಾರಿಸ. ಮೇಲೆ ಅವನು ನೋಡಿಕೊಳ್ಳುತ್ತಿದ್ದ ವೈರ್‌ಲೆಸ್ ಡಿಶ್ ಕೃಷ್ಣಾ ಹೊಳೆಯಾಚೆಯ ದಿಗ್ಗೇವಾಡಿಗೆ ಮುಖ ಮಾಡಿತ್ತು. ಎರಡೂ ಊರಿನವರು ಸೇರಿ ಕಟ್ಟಿಕೊಂಡ ಜಾಲ ಅದು. ಹೊರಗಿನ ಇಂಟರ್ನೆಟ್ ನಿಂತರೂ ಇವೆರಡು ಊರುಗಳ ನಡುವೆ ಮಾತೂ ಮುಖವೂ ದಾಟುತ್ತಿದ್ದವು. ಅದರ ಕಟ್ಟಳೆಗಳೆಲ್ಲ ಬಸದಿಯ ಕಟ್ಟೆಯ ಮೇಲೆ ಜಗಳವಾಡಿಯೇ ತೀರ್ಮಾನವಾಗುತ್ತಿದ್ದವು.

ದಿಗ್ಗೇವಾಡಿಗೆ ಕೊಟ್ಟ ತಂಗಿ ಬ್ರಾಹ್ಮಿಗೆ ಹುಟ್ಟಿನಿಂದ ಕಿವಿ ಕೇಳದು, ಓದು ಬಾರದು. ತಾಯಿ ರಾಜಮತಿಯೂ ಅವಳೂ ತಾವೇ ಹುಟ್ಟಿಸಿಕೊಂಡ ಕೈಸನ್ನೆಯಲ್ಲಿ, ಆ ಜಾಲದ ಮೇಲೆ ಫೋನಿನಲ್ಲಿ ಮುಖ ನೋಡುತ್ತ, ದಿನವೂ ಮಾತಾಡುತ್ತಿದ್ದರು. ಪಾರಿಸ ಅದನ್ನು ಕಲಿಯಲಿಲ್ಲ. ಫೋನು ಹಿಡಿದು ನಿಲ್ಲುತ್ತಿದ್ದ, ಅಷ್ಟೆ.

ಊರಿಗೆ ಇಂಟರ್ನೆಟ್ ಕಂಪನಿಯ ಕೇಬಲ್ ಬಂದಾಗ ಕಟ್ಟೆಯ ಮೇಲೆ ಸಿದರಾಯ ನಕ್ಕ. "ಇನ್ನೆಷ್ಟ್ ದಿನ ಮಂಗ್ಯಾನಂಗ ಟಾಕಿ ಏರ್ತಿಲೇ ಪಾರಿಸ? ಎಲ್ಲಾ ಅವ್ರು ನೋಡ್ಕೋತಾರ, ನೀ ಆರಾಮ ಕುಂದರ್."

"ಹೌದ್ರಿ ಕಾಕಾ, ಮೊಣಕಾಲು ಸೋತಾವ" ಎಂದು, ಊರಿನ ಜಾಲ ಬಿಡೋಣವೆಂದು ಎಲ್ಲರಿಗಿಂತ ಮೊದಲು ಕೈಯೆತ್ತಿದವನು ಪಾರಿಸನೇ. ಡಿಶ್ ಬಿಚ್ಚಿ ಗುಜರಿಗೆ ಹಾಕಿದವನೂ ಅವನೇ.

ಎರಡು ವರ್ಷದ ಮೇಲೆ ಶ್ರಾವಣದಲ್ಲಿ ಹೊಳೆ ಏರಿ ಸೇತುವೆ ಮುಳುಗಿತು. ಅದೇ ವಾರ ಎಲ್ಲೋ ಗಲಾಟೆಯಾಗಿ, ಮೇಲಿನ ಆದೇಶದಂತೆ ಇಡೀ ಜಿಲ್ಲೆಯ ಇಂಟರ್ನೆಟ್ ನಿಂತಿತು. ರಾಜಮತಿ ಹಾಸಿಗೆ ಹಿಡಿದಿದ್ದಳು. ಸಾಯುವ ಮುನ್ನ ಎಲ್ಲರ ಕ್ಷಮೆ ಕೇಳುವುದು ಜೈನರಾದ ಅವರಲ್ಲಿ ರೂಢಿ. ಮನೆಯವರದಾಯಿತು, ನೆರೆಯವರದಾಯಿತು, ಹಾಲು ಹಾಕುವವನದೂ ಆಯಿತು. ಮಗಳದು ಉಳಿಯಿತು.

"ಫೋನ್ ಹಚ್ಚೋ."

"ನೆಟ್ ಇಲ್ಲ ಬೇ ಅವ್ವಾ, ಬಂದ್ ಮಾಡ್ಯಾರ. ಬ್ರಾಹ್ಮಿ ಗಂಡಗ ಬರೇ ಫೋನಿನ್ಯಾಗ ಹೇಳ್ಲೇನು?"

"ಅವನ್ ಮುಂದ ಹೇಳೂ ಮಾತಲ್ಲ ಅದು. ನಿನ್ನ ಟಾಕಿ ಮ್ಯಾಗಿಂದ ಏನಾತು?"

ಪಾರಿಸ ಕಂಪನಿಗೆ ಫೋನು ಮಾಡಿದ. ದೂರದ ಊರಿನ ಹೆಣ್ಣುಮಗಳೊಬ್ಬಳು ಹಿಂದಿಯಲ್ಲಿ, ದೂರು ಬರೆದುಕೊಂಡಿದ್ದೇನೆ ಎಂದಳು.

ರಾಜಮತಿ ಮಗನತ್ತಲೇ ತಿರುಗಿ ಎದೆ ಮುಟ್ಟಿಕೊಂಡಳು, ಬಲಗಿವಿ ಮುಟ್ಟಿಕೊಂಡಳು, ಬೆರಳು ಮಡಚಿ ಇನ್ನೂ ಏನೋ ಹೇಳಿದಳು. "ನೋಡ್ಕೊಂಡಿ? ಹಿಂಗ ಮಾಡಿ ತೋರ್ಸು ಆಕಿಗೆ."

ಪಾರಿಸ ಹೂಂ ಎಂದ. ವಿಡಿಯೋ ಮಾಡಿಡಬಹುದೆಂದು ಅವನಿಗೆ ಹೊಳೆಯಲಿಲ್ಲ. ನೆಟ್ ಬಂದೀತೇನೋ ಎಂದು ಅವನ ಕಣ್ಣು ಫೋನಿನ ಮೇಲೇ ಇತ್ತು. ಮರುದಿನ ಮಧ್ಯಾಹ್ನ ತಾಯಿ ತೀರಿಕೊಂಡಳು.

ನಾಲ್ಕು ದಿನಕ್ಕೆ ನೀರು ಇಳಿದು ಬ್ರಾಹ್ಮಿ ಬಂದಳು. ಪಾರಿಸ ಅವಳೆದುರು ಕೂತು ಎದೆ ಮುಟ್ಟಿಕೊಂಡ, ಬಲಗಿವಿ ಮುಟ್ಟಿಕೊಂಡ. ಮಡಚಿದ್ದು ಎಷ್ಟು ಬೆರಳು, ಯಾವ ಕೈಯದು, ನೆನಪಾಗಲಿಲ್ಲ. ಬ್ರಾಹ್ಮಿ ಅವನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮಡಚುತ್ತ, ಪ್ರತಿ ಸಲವೂ ಇದೇ ಏನು ಎಂಬಂತೆ ಅವನ ಮುಖ ನೋಡಿದಳು.

ಪಾರಿಸ ಪ್ರತಿ ಸಲವೂ ಗೊತ್ತಾಗದೆ ತಲೆ ತಗ್ಗಿಸಿದ.