ಗಾಡಿ ಬಿಸಿ ಆಗೇತಿ

ಸೇನೆಯಲ್ಲಿ ಅಧಿಕಾರಿಯಾಗಬೇಕಾದರೆ ಓಡಬೇಕು, ಹಗ್ಗ ಹತ್ತಬೇಕು, ಇಂಗ್ಲಿಷಿನಲ್ಲಿ ತಡವರಿಸದೆ ಮಾತಾಡಬೇಕು ಎಂದೆಲ್ಲ ನನಗೆ ಗೊತ್ತಿತ್ತು. ಅಪ್ಪನ ಬಾಯಿ ಬಿಡಿಸಬೇಕು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಆಯ್ಕೆ ಮಂಡಳಿಯ ಪರೀಕ್ಷೆಗಳಲ್ಲಿ ಒಂದು ಬರವಣಿಗೆಯದು. ನಿನ್ನ ಬಗ್ಗೆ ತಂದೆ ತಾಯಿಗೆ ಏನನ್ನಿಸುತ್ತದೆ, ಕಲಿಸಿದವರಿಗೆ ಏನನ್ನಿಸುತ್ತದೆ, ಗೆಳತಿಯರಿಗೆ ಏನನ್ನಿಸುತ್ತದೆ, ನಿನಗೇ ಏನನ್ನಿಸುತ್ತದೆ ಎಂದು ಬರೆಯಬೇಕು. ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಕೆಡೆಟ್ ತುಕಡಿಯನ್ನು ನೋಡಿಕೊಳ್ಳುತ್ತಿದ್ದ ಮೇಡಂ ಇದನ್ನು ನಮ್ಮಿಂದ ಮುಂಚೆಯೇ ಬರೆಸುತ್ತಿದ್ದರು. ವಾರವಿಡೀ ಮೆತ್ತಗೆ ಅರ್ಥಶಾಸ್ತ್ರ ಪಾಠ ಮಾಡುವವರು, ಭಾನುವಾರ ಖಾಕಿ ಹಾಕಿ ಮೈದಾನದಲ್ಲಿ ನಿಂತರೆ ಬೇರೆಯೇ ಮನುಷ್ಯರು. ನಾನು ಗೈಡ್ ನೋಡಿ, ನಮ್ಮ ತಂದೆ ತಾಯಿ ನನ್ನನ್ನು ಪ್ರಾಮಾಣಿಕಳು, ಜವಾಬ್ದಾರಿಯುಳ್ಳವಳು, ಶ್ರಮಜೀವಿ ಎಂದು ತಿಳಿದಿದ್ದಾರೆ ಎಂದು ಚಂದದ ಅಕ್ಷರದಲ್ಲಿ ಬರೆದುಕೊಟ್ಟೆ. ಮೇಡಂ ಓದಿ ಹಾಳೆಯನ್ನು ವಾಪಸು ಕೊಟ್ಟರು.

"ಇದು ಎಲ್ಲಾರ ಅಪ್ಪ-ಅವ್ವನೂ ಅನ್ನೂದವಾ. ನಿಮ್ಮಪ್ಪ ಇದರಾಗ ಎಲ್ಲಿ ಅದಾರ? ಮನಿಗೆ ಹೋಗಿ ಕೇಳ್ಕೊಂಡು ಬಾ."

ಕೇಳಿಕೊಂಡು ಬರಲು ಅದೇನು ಕಿರಾಣಿ ಅಂಗಡಿಯ ಬೆಲ್ಲದ ದರವೇ? ನಮ್ಮ ಮನೆಯಲ್ಲಿ ಮಕ್ಕಳನ್ನು ಮುಖದ ಮುಂದೆ ಹೊಗಳುವುದಿಲ್ಲ. ಹೊಗಳಿದರೆ ದೃಷ್ಟಿ ತಾಗುತ್ತದೆ. ಹತ್ತನೆಯ ತರಗತಿಯಲ್ಲಿ ನಾನು ಶಾಲೆಗೇ ಮೊದಲು ಬಂದಾಗ ಅವ್ವ ಪಕ್ಕದ ಮನೆಯವರಿಗೆ, "ಏನೋ ಪಾಸ್ ಆಗ್ಯಾಳ್ರಿ" ಎಂದಿದ್ದಳು.

ಮೊದಲು ಅವಳನ್ನೇ ಕೇಳಿದೆ. ರೊಟ್ಟಿ ಬಡಿಯುತ್ತಿದ್ದಳು.

"ಏನನ್ನಿಸಬೇಕ? ಆ ಬೂಟು ಬಾಗಲದಾಗ ಬಿಡತಿ, ಬಂದವರು ಮನ್ಯಾಗ ಪೊಲೀಸ್ರು ಅದಾರಂತ ಹೊಳ್ಳಿ ಹೊಕ್ಕಾರ. ನಾಕ ರೊಟ್ಟಿ ತಿಂದು ಇನ್ನೂ ಹಸದೇನಿ ಅಂತಿ. ಬರಕೋ ಇದನ್ನ."

"ಅದಲ್ಲಬೇ, ಚಲೋದು ಏನರ ಹೇಳು."

ಅವ್ವ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದು, ಉಪ್ಪು ಮೆಣಸಿನಕಾಯಿ ತಂದು ನನ್ನ ಮುಖಕ್ಕೆ ನಿವಾಳಿಸಿ ಒಲೆಗೆ ಹಾಕಿದಳು. ಮನಸ್ಸಿನಲ್ಲೇ ಏನೋ ಒಳ್ಳೆಯದನ್ನು ಅಂದುಕೊಂಡಿರಬೇಕು, ಅದರ ದೃಷ್ಟಿಯೂ ತಾಗಬಾರದಲ್ಲ! ಅವ್ವನ ಬಗ್ಗೆ ಬರೆಯಲು ನನಗೆ ಅಷ್ಟು ಸಾಕಾಯಿತು.

ಅಪ್ಪನದು ಕಷ್ಟ. ಅಪ್ಪ ಸರಕಾರಿ ಬಸ್ಸಿನ ಡ್ರೈವರ್. ಬೆಳಿಗ್ಗೆ ಕಿತ್ತೂರಿಗೆ ಒಂದು ಟ್ರಿಪ್ಪು, ಆಮೇಲೆ ಸವದತ್ತಿಯ ಮೇಲೆ ರಾಮದುರ್ಗಕ್ಕೆ. ಮನೆಗೆ ಬಂದರೆ ಊಟ, ನಿದ್ದೆ. ಅವನು ಊಟಕ್ಕೆ ಕುಳಿತಾಗ ಕೇಳಿದೆ.

"ಪರೀಕ್ಷೆ ಯಾರದು, ನಿಂದಲ್ಲ? ಮತ್ತ ನನ್ನ ಸುದ್ದಿ ಅವರಿಗ್ಯಾಕ? ನಾ ಏನ್ ಮಿಲಿಟ್ರಿಗೆ ಹೊಂಟೇನೇನ?" ಎಂದು ಕೈತೊಳೆದು ಎದ್ದುಬಿಟ್ಟ.

ನನಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ಆ ವರ್ಷ ಗಣರಾಜ್ಯೋತ್ಸವಕ್ಕೆ ನಮ್ಮ ತುಕಡಿಯನ್ನು ಕಿತ್ತೂರಿನ ಪರೇಡಿಗೆ ಕರೆದಿದ್ದರು. ಮುಂದೆ ನಿಂತು ಆಜ್ಞೆ ಕೂಗುವವಳು ನಾನು. ವಾರ ಮುಂಚೆಯೇ ಅಪ್ಪನಿಗೆ ಹೇಳಿದ್ದೆ. "ಡ್ಯೂಟಿ ಐತಿ" ಎಂದಿದ್ದ, ಅಷ್ಟೇ. ಗೆಳತಿಯರ ಅಪ್ಪಂದಿರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಫೋಟೋ ತೆಗೆದುಕೊಂಡಿದ್ದರು. ನಮ್ಮ ಬಳಗದಲ್ಲಿ, ಹೆಣ್ಣು ಹುಡುಗಿಗೆ ಬಂದೂಕಿನ ಉಸಾಬರಿ ಯಾಕೆ ಎಂದವರಿದ್ದರು. ಅವರಿಗೂ ಅಪ್ಪ ತಿರುಗಿ ಒಂದು ಮಾತು ಆಡಿರಲಿಲ್ಲ. ಅಪ್ಪನಿಗೆ ನಾನು ಹೋಗುವುದೇ ಬೇಡವಾಗಿದೆಯೇನೋ ಎಂಬ ಸಂಶಯ ನನ್ನೊಳಗೆ ಕುಳಿತುಬಿಟ್ಟಿತ್ತು. ಅವನು ಬೇಡ ಎಂದರೆ ಜಗಳವಾಡಿ ಹೋಗುವಷ್ಟು ಬಾಯಿ ನನಗಿದೆ. ಆದರೆ ಅವನಿಗೆ ಬೇಡವಾದ ಮೇಲೆ ಹೋಗುವ ಸಂತೋಷ ಎಲ್ಲಿಂದ ತರುವುದು?

ಅಷ್ಟರಲ್ಲಿ ಆಯ್ಕೆ ಪರೀಕ್ಷೆಗೆ ಭೋಪಾಲಿಗೆ ಬರಬೇಕೆಂದು ಕರೆ ಬಂತು. ಹೊರಡುವ ಮುಂಚೆ ರಾಮದುರ್ಗದ ಅತ್ತೆಯ ಕಾಲಿಗೆ ಬಿದ್ದು ಬಾ ಎಂದು ಅವ್ವ ಕಳಿಸಿದಳು. ಅಪ್ಪನ ಬಸ್ಸಿನಲ್ಲೇ ಹೋಗಬೇಕಿತ್ತು. ಮುಂದಿನ ಸೀಟಿನ ಮೇಲೆ ಅಪ್ಪ ತನ್ನ ಟವೆಲ್ ಹಾಕಿ ನನಗಾಗಿ ಜಾಗ ಹಿಡಿದಿದ್ದ. ನೋಡಿಯೂ ನೋಡದವಳಂತೆ ನಾನು ಕಟ್ಟಕಡೆಯ ಸೀಟಿಗೆ ಹೋಗಿ ಕುಳಿತೆ.

ಅಂದು ಹುಣ್ಣಿಮೆ. ಗುಡ್ಡದ ದೇವಿಯ ದರ್ಶನಕ್ಕೆ ಹೋಗುವವರೆಲ್ಲ ಸವದತ್ತಿಯಲ್ಲಿ ಇಳಿದ ಮೇಲೆ ಬಸ್ಸು ಅರ್ಧ ಖಾಲಿಯಾಯಿತು. ಕಂಡಕ್ಟರ್ ಚಾಚಾ ಬಂದು ನನ್ನ ಪಕ್ಕ ಕುಳಿತರು. ಅವರೂ ಅಪ್ಪನೂ ಎಷ್ಟೋ ವರ್ಷಗಳಿಂದ ಒಂದೇ ಗಾಡಿಯ ಜೋಡಿ. ಈದ್ ಹಬ್ಬದ ಸುರಕುಂಬಾ ಅವರ ಮನೆಯಿಂದ ನಮ್ಮ ಮನೆಗೆ ಬರುತ್ತದೆ, ನಮ್ಮ ಪಂಚಮಿಯ ಉಂಡಿ ಅಲ್ಲಿಗೆ ಹೋಗುತ್ತದೆ.

"ಏನ್ ಬೇಟಿ, ಅಪ್ಪನ ಕೂಡ ಜಗಳೇನ?"

ನಾನು ಎಲ್ಲವನ್ನೂ ಒದರಿಬಿಟ್ಟೆ. ಚಾಚಾ ಟಿಕೆಟ್ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ನಕ್ಕರು.

"ಅವನ್ನ ಕೇಳಿದ್ರ ಏನ್ ಹೇಳ್ತಾನ? ನನ್ನ ಕೇಳು. ದಿನಾ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವ. ಇದ ಗುಡ್ಡದಾಗ ಹುಣ್ಣಿವಿ ದಿನ, ಸಣ್ಣಾಕಿದ್ದಾಗ ನೀ ಕಳದಿದ್ದಿ. ಪೊಲೀಸ್ನ ಅಂಗಿ ಜಗ್ಗಿ, 'ನಮ್ಮಪ್ಪ ಕಳದಾನ, ಹುಡುಕಿ ಕೊಡ್ರಿ' ಅಂದಿದ್ದಿ. ಹೌದಿಲ್ಲೋ?"

ಹೌದು. ನನ್ನನ್ನು ಗೇಲಿ ಮಾಡಲು ಮನೆಯಲ್ಲಿ ತೆಗೆಯುವ ಕಥೆ ಅದು.

"ಹೊಸಾ ಮಂದಿ ಗಾಡಿ ಹತ್ತಿದ್ರ ಸಾಕು, ಅದನ್ನ ಹೇಳ್ತಾನ. ಹೇಳಿ, 'ಅವತ್ತ ಆಕಿ ಅಳಲಿಲ್ರಿ, ನಾನ ಅತ್ತೆ' ಅಂತಾನ."

ಅಪ್ಪ ಅತ್ತಿದ್ದು ನಮ್ಮ ಮನೆಯ ಕಥೆಯಲ್ಲಿ ಇರಲಿಲ್ಲ.

"ಹಂಗಾದ್ರ ನನ್ನ ಪರೇಡಿಗೆ ಯಾಕ ಬರಲಿಲ್ಲ ಚಾಚಾ?"

"ಬರಲಿಲ್ಲ ಅಂತ ಅಂದವರ್ಯಾರು? ಬಂದಿದ್ದ. ಒಬ್ಬನ ಅಲ್ಲ, ಬಸ್ ತುಂಬ ಮಂದಿನ್ನ ಕರಕೊಂಡ ಬಂದಿದ್ದ!" ಚಾಚಾ ದನಿ ತಗ್ಗಿಸಿದರು. "ಕಿತ್ತೂರಿನ ಮೈದಾನದ ಬಾಜೂಕ ಗಾಡಿ ನಿಂದ್ರಿಸಿದ. 'ಗಾಡಿ ಬಿಸಿ ಆಗೇತಿ, ಒಂದೀಟ ತಣ್ಣಗಾಗಲಿ' ಅಂದ. ಜನವರಿ ಥಂಡಿ ಐತಿ ಬೇಟಿ, ಮಂದಿ ಸ್ವೆಟರ್ ಹಾಕ್ಕೊಂಡು ಕುಂತಾರ! ಇವ ಸೀಟಿನ ಮ್ಯಾಲ ಹತ್ತಿ ನಿಂತು ಕಾಂಪೌಂಡ್ ದಾಟಿ ನೋಡಾಕ ಹತ್ತಿದ. ಮಂದಿಗೂ ತಿಳೀತು, ಅವರೂ ಎದ್ದ ನಿಂತ್ರು. ಒಬ್ಬ ಮುದುಕ, 'ಯಾರ ಹುಡುಗೀನೋ, ದನಿ ಏನ್ ಖಡಕ್ ಐತಿ' ಅಂದ. ನಿಮ್ಮಪ್ಪ, 'ಮನ್ಯಾಗೂ ಹಿಂಗ ಒದರತಾಳ್ರಿ' ಅಂದವನ ಗಾಡಿ ಬಿಟ್ಟ."

ಮುಂದಿನ ಕನ್ನಡಿಯಲ್ಲಿ ಅಪ್ಪನ ಹಣೆಯೂ ಹುಬ್ಬೂ ಕಾಣುತ್ತಿದ್ದವು. ನಾನು ಎದ್ದು, ಕಂಬ ಹಿಡಿದು ಓಲಾಡುತ್ತಾ ಹೋಗಿ, ಟವೆಲ್ ಎತ್ತಿ ಮುಂದಿನ ಸೀಟಿನಲ್ಲಿ ಕುಳಿತೆ. ಅಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಹಿಂದ ಭಾಳ ಕುಲುಕತೈತಿ" ಎಂದ.

"ಹೂಂ" ಎಂದೆ. ರಾಮದುರ್ಗದವರೆಗೂ ನಮ್ಮಿಬ್ಬರ ಮಾತು ಅಷ್ಟೇ. ನನಗೆ ಹೊಟ್ಟೆ ತುಂಬಿತ್ತು.

ಭೋಪಾಲಿನಲ್ಲಿ ಆ ಹಾಳೆ ಮುಂದೆ ಬಂದಾಗ ಬಸ್ಸಿನ ಕಥೆಯನ್ನೇ ಬರೆದೆ. ಸಂದರ್ಶನದಲ್ಲೂ ಅಧಿಕಾರಿಯೊಬ್ಬರು ತಂದೆಯ ಬಗ್ಗೆ ಕೇಳಿದರು. ಅಲ್ಲಿಯೂ ಹೇಳಿದೆ. ಅವರು ಮನಸಾರೆ ನಕ್ಕು, ಆಮೇಲೆ ಕೇಳಿದರು, "ನಾಳೆ ನಿಮ್ಮ ಕೈಕೆಳಗಿನ ಚಾಲಕನೊಬ್ಬ ಮಗಳ ಪರೇಡ್ ನೋಡಲು ಹೀಗೇ ಗಾಡಿ ನಿಲ್ಲಿಸಿದ ಎನ್ನಿ. ಏನು ಮಾಡುತ್ತೀರಿ?"

ಗೈಡಿನ ಎಲ್ಲ ಪ್ರಶ್ನೆಗೂ ಉತ್ತರ ಉರು ಹೊಡೆದಿದ್ದೆ, ಇದು ಮಾತ್ರ ಅದರಲ್ಲಿ ಇರಲಿಲ್ಲ. ಶಿಕ್ಷೆ ಎನ್ನೋಣವೆಂದರೆ ಕಣ್ಣ ಮುಂದೆ ಅಪ್ಪ ಬಂದು ನಿಲ್ಲುತ್ತಾನೆ. ಬಿಟ್ಟುಬಿಡುತ್ತೇನೆ ಎನ್ನೋಣವೆಂದರೆ ಹಿಂದೆ ಬಸ್ಸು ತುಂಬ ಮಂದಿ, ಅವರಿಗೂ ಊರು ಮುಟ್ಟುವ ಅವಸರವಿದೆ. ಅಧಿಕಾರಿ ಸ್ವಲ್ಪ ಕಾದು ಮುಂದಿನ ಪ್ರಶ್ನೆಗೆ ಹೋದರು.

ಕೊನೆಯ ದಿನ ಆಯ್ಕೆಯಾದವರು ಎದೆಗೆ ಕಟ್ಟಿಕೊಂಡಿದ್ದ ಸಂಖ್ಯೆಗಳನ್ನು ಓದಿದರು. ನನ್ನದು ಬರಲಿಲ್ಲ. ಆ ಒಂದಕ್ಕೆ ಉತ್ತರಿಸದ್ದರಿಂದಲೇ ಎನ್ನಲಾರೆ, ಹಗ್ಗದ ಮೇಲಿಂದ ಜಾರಿದ್ದೂ ಇತ್ತು. ಆದರೆ ರೈಲಿನಲ್ಲಿ ಜೊತೆಗೆ ಬಂದದ್ದು ಆ ಪ್ರಶ್ನೆಯೇ. ಮನೆಗೆ ಫೋನ್ ಮಾಡಿ ಆಗಲಿಲ್ಲ ಎಂದಾಗ ಅಪ್ಪ, "ಹೌದಾ? ಊಟ ಆತೇನ?" ಎಂದ.

ಹೆದ್ದಾರಿಯ ಬಸ್ಸಿನಿಂದ ಕಿತ್ತೂರಿನಲ್ಲಿ ಇಳಿದಾಗ ಬೈಲಹೊಂಗಲಕ್ಕೆ ಹೊರಡಲು ಅಪ್ಪನ ಗಾಡಿ ನಿಂತಿತ್ತು. ಮುಂದಿನ ಸೀಟಿನ ಮೇಲೆ ಟವೆಲ್. ನಾನು ಚೀಲ ಕಾಲಬುಡದಲ್ಲಿಟ್ಟು ತಲೆ ತಗ್ಗಿಸಿ ಕುಳಿತೆ. ಬಸ್ಸು ಹೊರಟು ಇನ್ನೂ ಊರೇ ದಾಟಿರಲಿಲ್ಲ, ಮೈದಾನದ ಪಕ್ಕ ಬಂದು ನಿಂತಿತು.

"ಗಾಡಿ ಬಿಸಿ ಆಗೇತಿ" ಎಂದ ಅಪ್ಪ.

ಚಾಚಾ ಕಿಟಕಿಯ ಹೊರಗೆ ನೋಡತೊಡಗಿದರು. ಅಪ್ಪ ಸೀಟಿನಿಂದ ಎದ್ದು, ಮಂದಿಯ ಕಡೆ ತಿರುಗಿ ನಿಂತ.

"ಇಕಿ ನನ್ನ ಮಗಳ್ರಿ. ಮಿಲಿಟ್ರಿ ಆಫೀಸರ್ ಪರೀಕ್ಷೆಕ ಹೋಗಿ ಬಂದಾಳ. ಈ ಸಲ ಆಗಿಲ್ಲ, ಮತ್ತ ಹೊಕ್ಕಾಳ. ಹಿಂತಾ ಹುಡುಗಿ ನಮ್ಮ ಕಡೆ ಇನ್ನೊಬ್ಬಾಕಿ ಇಲ್ರಿ."

ನನ್ನ ಮುಖದ ಮುಂದೆಯೇ ಅಂದ. ಪಕ್ಕದ ಸೀಟಿನ ಮುದುಕಿ ಗಾಬರಿಯಿಂದ ನನ್ನ ಕೆನ್ನೆ ಸವರಿ ಲಟಿಕೆ ಮುರಿದು ದೃಷ್ಟಿ ತೆಗೆದಳು. ಭೋಪಾಲಿನಲ್ಲಿ ಬಾರದ ಅಳು ನನಗೆ ಅಲ್ಲಿ ಬಂತು. ಡೀಸೆಲ್ ವಾಸನೆಯ ಆ ಟವೆಲಿನಲ್ಲೇ ಮುಖ ಒರೆಸಿಕೊಂಡೆ. ಹಿಂದೆ ತಿರುಗಿ ನೋಡಿದರೆ, ಸಂತೆಯ ಚೀಲ ಹಿಡಿದವರು, ಕಚೇರಿಗೆ ಹೊರಟವರು, ಶಾಲೆಯ ಮಕ್ಕಳು, ಎಲ್ಲರೂ ಕಾಯುತ್ತಿದ್ದರು.

ನಾನು ಎದ್ದು ನಿಂತೆ. ಆ ಮೈದಾನದಲ್ಲಿ ಕೂಗಿದ ದನಿಯಲ್ಲೇ, "ಅಪ್ಪಾ, ಮಂದೀಗೆ ಹೊತ್ತಾಗಾಕ ಹತ್ತೈತಿ. ಗಾಡಿ ಬಿಡು!" ಎಂದೆ.

ಅಪ್ಪ ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಕಾಲು ಜೋಡಿಸಿ, ಕೈ ಎತ್ತಿ ಹಣೆಗಿಟ್ಟ.

"ಹೂಂನ್ರಿ ಸಾಹೇಬ್ರ" ಎಂದು ಗಾಡಿ ಬಿಟ್ಟ.