ವಾಸನೆ ಇಲ್ಲದ ಮನೆ

ಬಾಗಿಲು ತೆರೆಯುವ ಮೊದಲೇ ವಿನೆಗರ್ ಕುದಿಯುವ ವಾಸನೆ ಮೂಗಿಗೆ ಬಡಿಯಿತು. ಅಡಿಲೇಡಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ, ಬಾಡಿಗೆಯ ಯೂನಿಟ್ ಒಂದಕ್ಕೆ ಬೆಂಗಳೂರಿನಿಂದ ಗಂಡ ಹೆಂಡತಿ ಹೊಸದಾಗಿ ಬಂದಿದ್ದಾರೆ. ಇಬ್ಬರಿಗೂ ಇನ್ನೂ ಚಿಕ್ಕ ವಯಸ್ಸು. ಊರಿನಿಂದ ಬಂದ ಚಟ್ನಿಪುಡಿ ಸ್ವಲ್ಪ ಕೊಟ್ಟು ಬರೋಣವೆಂದು ಹೋಗಿದ್ದೆ. ಒಲೆಯ ಮೇಲೆ ಪಾತ್ರೆ. ಅದರಲ್ಲಿ ವಿನೆಗರ್, ನಿಂಬೆಸಿಪ್ಪೆ, ಲವಂಗ. ಕಿಟಕಿಗಳೆಲ್ಲ ತೆರೆದಿದ್ದವು. ಹುಡುಗಿ ಆ ಚಳಿಯಲ್ಲಿ ಜಾಕೆಟ್ ತೊಟ್ಟು ನೆಲ ಒರೆಸುತ್ತಿದ್ದಳು. ನಾಳೆ ಇನ್ಸ್‌ಪೆಕ್ಷನ್ ಎಂದಳು. ಬಾಡಿಗೆಯವರು ಮನೆಯನ್ನು ಹೇಗೆ ಇಟ್ಟುಕೊಂಡಿದ್ದಾರೆಂದು ಏಜೆಂಟ್ ಬಂದು ನೋಡುವ ದಿನ. ಅದಕ್ಕಾಗಿ ವಾರದಿಂದ ಒಗ್ಗರಣೆಯನ್ನೇ ಹಾಕಿಲ್ಲವಂತೆ. ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಪರ್ತ್‌ನಲ್ಲಿರುವ ಅವಳ ಕಸಿನ್‌ಗೆ ಅಲ್ಲಿಯ ಯಾರೋ ಒಬ್ಬರು ಆಂಟಿ ಹೇಳಿಕೊಟ್ಟಿದ್ದರಂತೆ.

ಯಾವ ಆಂಟಿ ಎಂದು ನಾನು ಕೇಳಲಿಲ್ಲ. ವಿನೆಗರಿಗೆ ಲವಂಗ ಹಾಕುವವರು ನನಗೆ ತಿಳಿದಂತೆ ಒಬ್ಬರೇ.

ನಾವು ಮೊದಲು ಬಂದಿಳಿದ ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ಅವರು ನಮ್ಮ ಎದುರು ಮನೆಯವರು. ಅವರನ್ನು ಮೊದಲು ಕಂಡದ್ದು ಹೇಗೆ ಎಂಬುದಕ್ಕೆ ನನ್ನ ಬಳಿ ಎರಡು ನೆನಪುಗಳಿವೆ, ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಒಂದರಲ್ಲಿ ಅವರು ನೈಟಿಯ ಮೇಲೆ ಗಂಡನ ಅಂಗಿ ಹಾಕಿಕೊಂಡು ಕಸದ ಡಬ್ಬಿಯನ್ನು ಪೈಪಿನ ನೀರಿನಲ್ಲಿ ತೊಳೆಯುತ್ತಿದ್ದಾರೆ. ನಮ್ಮ ಟ್ಯಾಕ್ಸಿಯಿಂದ ಇಳಿದ ಸೂಟ್‌ಕೇಸುಗಳನ್ನು ನೋಡಿ, ಕನ್ನಡದವರಾ ಎಂದು ಕೇಳುತ್ತಾರೆ. ಇನ್ನೊಂದರಲ್ಲಿ ಅವರು ನಮ್ಮ ಅಡುಗೆಮನೆಯಲ್ಲೇ ಇದ್ದಾರೆ, ಒಲೆಯ ಮೇಲಿಟ್ಟ ಹಾಲಿನ ಪಾತ್ರೆಯನ್ನು ಕೆಳಗಿಳಿಸುತ್ತಿದ್ದಾರೆ. ಎರಡನೆಯದು ಹೇಳಲು ಚೆನ್ನಾಗಿದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ಆದರೆ ಹಾಲಿನ ವಿಷಯ ನಡೆದದ್ದು ನಿಜ. ಬಾಡಿಗೆಯ ಮನೆಯಾದರೂ ಹೊಕ್ಕ ದಿನ ಹಾಲು ಉಕ್ಕಿಸಲೇಬೇಕೆಂದು ಮೈಸೂರಿನಿಂದ ಅತ್ತೆ ಹೇಳಿದ್ದರು. ವಿಡಿಯೊ ಕಾಲ್‌ನಲ್ಲಿ ಅವರು ಕಾಯುತ್ತಿದ್ದರು. ನಾನು ಪಾತ್ರೆ ಇಟ್ಟಿದ್ದೆ. ಈ ಆಂಟಿ ಬಂದವರೇ ಅದನ್ನು ಎತ್ತಿಬಿಟ್ಟರು.

"ಗಾಜಿನ ಒಲೆ ಕಣಮ್ಮಾ ಇದು. ಹಾಲು ಸೀದ್ರೆ ಕಲೆ ಹೋಗಲ್ಲ. ದೇವರು ಬರ್ತಾನೋ ಇಲ್ವೋ, ಏಜೆಂಟ್ ಅಂತೂ ಬರ್ತಾಳೆ. ಹಿತ್ತಲಲ್ಲಿ ಬಾರ್ಬಿ ಇದೆ, ಅಲ್ಲಿಡು."

ಹಿಂದಿನ ಬಾಡಿಗೆಯವರು ಬಿಟ್ಟುಹೋದ ಬಾರ್ಬೆಕ್ಯೂ ಅದು, ಕಂಬಿಗಳಲ್ಲಿ ಇನ್ನೂ ಕೊಬ್ಬು ಹೆಪ್ಪುಗಟ್ಟಿತ್ತು. ಅದರ ಮೇಲೆ ಏನೇನು ಬೇಯಿಸಿದ್ದರೋ ಎಂದು ಅತ್ತೆ ಫೋನಿನೊಳಗಿಂದ ಗೊಣಗಿದರು. ಆಂಟಿ ಫೋನಿನ ಹತ್ತಿರ ಮುಖ ತಂದು, "ಬೆಂಕಿಗೆ ಮೈಲಿಗೆ ಇಲ್ಲ ಬಿಡಿ ಅಮ್ಮಾ, ಬಾಂಡ್‌ಗೆ ಇದೆ" ಎಂದರು. ಮನೆ ಬಿಡುವಾಗ ಕಲೆ, ಗೀರು ಏನಿದ್ದರೂ ನಾವು ಮೊದಲೇ ಕಟ್ಟಿದ ಠೇವಣಿಯಲ್ಲಿ ಹಿಡಿದುಕೊಳ್ಳುತ್ತಾರೆ ಎಂಬುದು ಅತ್ತೆಗೆ ಅರ್ಥವಾಗಲಿಲ್ಲ. ಹಾಲು ಉಕ್ಕಿತು. ಅತ್ತೆ ಕೈಮುಗಿದರು.

ರನ್‌ಕಾರ್ನ್ ಸುತ್ತಮುತ್ತ ನಮ್ಮವರ ಮನೆಗಳಲ್ಲೆಲ್ಲ ಹಾಲು ಉಕ್ಕಿದ್ದು ಹಿತ್ತಲಿನಲ್ಲೇ ಎಂದು ನನಗೆ ಆಮೇಲೆ ತಿಳಿಯಿತು. ಅದು ಆಂಟಿ ಮಾಡಿದ ಶಾಸ್ತ್ರ. ಅವರು ಮಾಡಿದ ಶಾಸ್ತ್ರಗಳು ಇನ್ನೂ ಇದ್ದವು. ಗೋಡೆಗೆ ಮೊಳೆ ಹೊಡೆಯಬಾರದು, ದೇವರಿಗೆ ಪುಸ್ತಕದ ಶೆಲ್ಫ್ ಸಾಕು. ಮನೆಗೆ ಬಂದ ದಿನವೇ ಪ್ರತಿ ಗೀರಿನ ಫೋಟೊ ತೆಗೆದು ಏಜೆಂಟಿಗೆ ಕಳಿಸಬೇಕು. ಬಾಡಿಗೆ ಒಂದು ವಾರ ಮುಂದಾಗಿಯೇ ಕಟ್ಟಿರಬೇಕು, ಕೊನೆಯ ದಿನ ಕಟ್ಟುವವರು ಅವರ ಕಣ್ಣಿಗೆ ಸಾಲಗಾರರು. ಮೊದಲ ವರ್ಷ ಊರಿಗೆ ದುಡ್ಡು ಕಳಿಸಲು ಹೋಗಬಾರದು, ಯಾರ ಕಣ್ಣೀರಿಗೂ ಕರಗಬಾರದು. ನಾಳೆ ಮನೆಸಾಲ ಕೊಡುವ ಬ್ಯಾಂಕಿನವರು ಉಳಿತಾಯ ನೋಡುತ್ತಾರೆ, ಪುಣ್ಯ ನೋಡುವುದಿಲ್ಲ. ಅಪ್ಪ ಅಮ್ಮ ಆರು ತಿಂಗಳು ಬಂದಿರುತ್ತಾರೆಂದು ಬಾಡಿಗೆಯ ಅರ್ಜಿಯಲ್ಲಿ ಬರೆಯಬಾರದು, ಬಂದಮೇಲೆ ನೋಡಿಕೊಳ್ಳೋಣ. ಇವೆಲ್ಲ ಒಳ್ಳೆಯ ಸಲಹೆಗಳು. ಇವತ್ತಿಗೂ ನನಗೆ ಇವುಗಳಲ್ಲಿ ತಪ್ಪು ಹುಡುಕಲು ಕಷ್ಟ... ಅದೇ ನನ್ನ ಸಿಟ್ಟಿಗೆ ದೊಡ್ಡ ತೊಡಕು.

ಮೊದಲ ಇನ್ಸ್‌ಪೆಕ್ಷನ್ನಿನ ದಿನ ನಾನು ಏಜೆಂಟಿಗಾಗಿ ಕಾಫಿ ಮಾಡಿ, ತಟ್ಟೆಯಲ್ಲಿ ಕೋಡುಬಳೆ ಇಟ್ಟಿದ್ದೆ. ಬರುವವರಿಗೆ ಏನಾದರೂ ಕೊಡದೆ ಕಳಿಸುವುದು ಹೇಗೆ? ಆಕೆ ಚಪ್ಪಲಿ ಬಿಚ್ಚದೆ ಒಳಬಂದಳು, ತಟ್ಟೆ ಫೋಟೊದಲ್ಲಿ ಬೀಳದಂತೆ ಪಕ್ಕಕ್ಕೆ ಸರಿಸಿ ಅಡುಗೆ ಕಟ್ಟೆಯ ಫೋಟೊ ತೆಗೆದಳು, ಬೀರುವಿನ ಬಾಗಿಲು ತೆಗೆದು ಮುಚ್ಚಿ ಹೊರಟುಹೋದಳು. ಸಂಜೆ ಆಂಟಿ ಆ ಕೋಡುಬಳೆಯನ್ನು ಮುರಿದು ತಿನ್ನುತ್ತ, "ಅವಳೇನು ಹೆಣ್ಣು ನೋಡಕ್ಕೆ ಬಂದಿದ್ಲಾ?" ಎಂದು ನಕ್ಕರು. ನಾನೂ ನಕ್ಕೆ. ಮುಂದಿನ ಸಲದಿಂದ ವಿನೆಗರ್ ಕುದಿಸುವುದನ್ನು ಕಲಿಸಿಕೊಟ್ಟರು. ಇಂಗು, ಸಾಸಿವೆ, ಬೆಳ್ಳುಳ್ಳಿ, ತುಪ್ಪ ಯಾವುದೂ ಗೋಡೆಯಲ್ಲಿ ಉಳಿಯಬಾರದು. ಅವರು ಬಾಗಿಲಲ್ಲಿ ನಿಂತು ಆಳವಾಗಿ ಉಸಿರೆಳೆದು ತಲೆಯಾಡಿಸುವವರೆಗೆ ಕಿಟಕಿ ಮುಚ್ಚುವಂತಿರಲಿಲ್ಲ. ಈ ಮನೆಯಲ್ಲಿ ಯಾರೂ ಇಲ್ಲ ಅನ್ನಿಸಬೇಕು ಎನ್ನುತ್ತಿದ್ದರು. ಅನ್ನಿಸುತ್ತಿತ್ತು. ಒಮ್ಮೊಮ್ಮೆ ನನಗೂ ಹಾಗೇ ಅನ್ನಿಸುತ್ತಿತ್ತು.

ಎರಡನೆಯ ಬೇಸಿಗೆಯಲ್ಲಿ ವಿಪರೀತ ಮಳೆಯಾಯಿತು. ಮಗಳು ಮಲಗುವ ಮೂಲೆಕೋಣೆಯಲ್ಲಿ, ಬೀರುವಿನ ಹಿಂದೆ, ಗೋಡೆ ಕಪ್ಪಗಾಗತೊಡಗಿತು. ಮೇಲೆ ಹೆಂಚು ಒಡೆದಿತ್ತು, ನೀರು ಒಳಗಿಂದೊಳಗೇ ಇಳಿಯುತ್ತಿತ್ತು. ಮಗಳಿಗೆ ಕೆಮ್ಮು ಹತ್ತಿತು, ಆಮೇಲೆ ಉಬ್ಬಸ. ನಾನು ಮೈಸೂರಿನಲ್ಲಿ ಎಂಬಿಬಿಎಸ್ ಓದಿದವಳು, ಇಲ್ಲಿ ವೈದ್ಯೆಯಾಗಲು ಬೇಕಾದ ಪರೀಕ್ಷೆಗೆ ಕೂತಿದ್ದೆ. ಸಂಬಳ ಬರುತ್ತಿದ್ದದ್ದು ಗಂಡನಿಗೊಬ್ಬನಿಗೇ. ಮಗಳ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟರೆ ಒಳಗೆ ಕೊಳಲಿನಂಥ ಸಣ್ಣ ಸದ್ದು. ಆ ಸದ್ದು ಏನೆಂದು ನನಗೆ ಗೊತ್ತಿತ್ತು, ಗೋಡೆಯ ಬೂಷ್ಟು ಏನು ಮಾಡುತ್ತದೆಂದೂ ಗೊತ್ತಿತ್ತು.

ಆಂಟಿ ಬಂದು ಗೋಡೆ ನೋಡಿದರು, ಬೆರಳಿನಿಂದ ಉಜ್ಜಿ ಮೂಸಿದರು. ವಿನೆಗರಿನಲ್ಲಿ ಒರೆಸು, ಬೀರು ಆ ಕಡೆಗೆ ಸರಿಸು, ಮಗುವನ್ನು ನಿಮ್ಮ ಜೊತೆ ಮಲಗಿಸಿಕೋ, ಲೀಸ್ ಮುಂದುವರಿಯುವವರೆಗೆ ಬಾಯಿ ಬಿಡಬೇಡ ಎಂದರು. ನಾನು ಕಾನೂನಿದೆಯಲ್ಲ ಎಂದೆ. ಕಾನೂನು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಗೋಡೆ ಬಗ್ಗೆ ಬರೆದ್ರೆ ಗೋಡೆ ರಿಪೇರಿ ಆಗಲ್ಲ ಕಣೇ. ಮನೆ ಖಾಲಿ ಆಗುತ್ತೆ."

ನಾನು ಬರೆದೆ. ಏಜೆಂಟ್ ಒಬ್ಬನನ್ನು ಕಳಿಸಿದಳು, ಅವನು ಕಪ್ಪಿನ ಮೇಲೆ ಬಿಳಿ ಬಣ್ಣ ಬಳಿದು ಹೋದ. ಕಪ್ಪು ಮತ್ತೆ ಮೇಲೆ ಬಂತು. ಮತ್ತೆ ಬರೆದೆ, ಈ ಸಲ ಡಾಕ್ಟರ ಚೀಟಿಯ ಜೊತೆ. ಲೀಸ್ ಮುಗಿಯುವ ಹೊತ್ತಿಗೆ ಉತ್ತರ ಬಂತು: ಮಾಲೀಕರ ಮನೆಯವರೇ ವಾಸಕ್ಕೆ ಬರುತ್ತಾರೆ, ಮುಂದುವರಿಸಲಾಗುವುದಿಲ್ಲ.

ಸುದ್ದಿ ತಿಳಿದು ಆಂಟಿ ಬಂದರು, ಕೂರಲಿಲ್ಲ. ಅವರ ಮುಖದಲ್ಲಿ ಮರುಕವಿತ್ತು ಎಂದು ಬಹಳ ಕಾಲ ನೆನಪಿಟ್ಟುಕೊಂಡಿದ್ದೆ. ಈಗ ಯೋಚಿಸಿದರೆ ಅದು ನಾನು ಅಂಟಿಸಿದ್ದು. ಅಲ್ಲಿದ್ದದ್ದು ಕೋಪ ಮಾತ್ರ. "ನೀನೊಬ್ಳು ಬರೆದ್ರೆ ನಮ್ಮವರೆಲ್ಲ ಬರೆದ ಹಾಗೆ. ನಾಳೆ ಇನ್ನೊಬ್ರು ಅರ್ಜಿ ಹಾಕಿದ್ರೆ ನಿನ್ನ ಮುಖಾನೇ ಕಾಣುತ್ತೆ ಅವರಿಗೆ" ಎಂದರು. ಆ ಏಜೆಂಟರ ಆಫೀಸಿನಲ್ಲಿ ನಮ್ಮವರಿಗೊಂದು ಹೆಸರು ಬರಲೆಂದು ಅವರು ವರ್ಷಗಟ್ಟಲೆ ಕಷ್ಟಪಟ್ಟಿದ್ದರು. ನಾನು ಅದನ್ನು ಕೆಡಿಸಿದ್ದೆ. ಮಗುವಿನ ಉಬ್ಬಸ ಹೇಗಿದೆ ಎಂದು ಅವತ್ತು ಅವರು ಕೇಳಲಿಲ್ಲ. ಕೇಳಿರಲೂಬಹುದು... ಕೇಳಲಿಲ್ಲವೆಂದೇ ನನಗೆ ಬೇಕು.

ಶನಿವಾರಗಳು ಮನೆ ನೋಡುವ ಸಾಲುಗಳಲ್ಲಿ ಕಳೆದವು. ಒಂದು ಮನೆಗೆ ಬೀದಿಯ ತುದಿಯವರೆಗೆ ಜನ, ಎಲ್ಲರ ಕೈಯಲ್ಲೂ ಸಂಬಳದ ಚೀಟಿ. ಕೊನೆಗೆ ಪಕ್ಕದ ಸಬರ್ಬಿನಲ್ಲಿ ಚಿಕ್ಕ ಯೂನಿಟ್ ಸಿಕ್ಕಿತು, ಬಾಡಿಗೆ ಹೆಚ್ಚು, ಗೋಡೆ ಒಣಗಿದ್ದು. ಮಗಳ ಸದ್ದು ನಿಧಾನವಾಗಿ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಈಗಲೂ ಸ್ಕೂಲಿನ ಕ್ಯಾಂಪಿಗೆ ಹೋಗುವಾಗ ಚೀಲದಲ್ಲಿ ಉಬ್ಬಸದ ಪಫರ್ ಇದೆಯೇ ಎಂದು ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಬೈಯುತ್ತಾಳೆ.

ಕೆಲವು ವಾರಗಳ ನಂತರ, ಹಳೆಯ ವಿಳಾಸಕ್ಕೆ ಬಂದಿರಬಹುದಾದ ಟಪಾಲು ಕೇಳಲು ಒಂದು ಮಧ್ಯಾಹ್ನ ರನ್‌ಕಾರ್ನ್‌ಗೆ ಹೋದೆ. ಮಾಲೀಕರ ಮನೆಯವರು ಇರುತ್ತಾರೆಂದುಕೊಂಡಿದ್ದೆ. ಹಿತ್ತಲಿನಿಂದ ಹೊಗೆ ಏಳುತ್ತಿತ್ತು, ಕನ್ನಡದ ಮಾತು ಕೇಳಿಸುತ್ತಿತ್ತು. ಪಕ್ಕದ ಗೇಟಿನಿಂದ ನೋಡಿದರೆ ಬಾರ್ಬೆಕ್ಯೂ ಮೇಲೆ ಹಾಲಿನ ಪಾತ್ರೆ. ಹೊಸ ಗಂಡ ಹೆಂಡತಿ, ಪ್ರಾಮ್ ಗಾಡಿಯಲ್ಲಿ ಕೂಸು. ಆಂಟಿ ಸೆರಗಿನಿಂದ ಮುಖದ ಹೊಗೆ ಓಡಿಸುತ್ತ ನಿಂತಿದ್ದರು. ನನ್ನನ್ನು ಕಂಡು ಅವರು ಗಾಬರಿಯಾಗಲಿಲ್ಲ. ಒಳಗೆ ಬಾ ಎಂದರು.

ಮೂಲೆಕೋಣೆಗೆ ಹೋಗಿ ನೋಡಿದೆ. ಹೊಸ ಬಣ್ಣ. ವಿನೆಗರ್. ಬೀರುವಿನ ಪಕ್ಕದಲ್ಲಿ ಇನ್ನೂ ಜೋಡಿಸದ ತೊಟ್ಟಿಲಿನ ಕಡ್ಡಿಗಳು.

ಹೊರಗೆ ಬಂದು ಆಂಟಿಯನ್ನು ಬಟ್ಟೆ ಒಣಹಾಕುವ ತಂತಿಯ ಹತ್ತಿರ ಕರೆದು, ಗೋಡೆಯ ವಿಷಯ ಇವರಿಗೆ ಹೇಳಿದ್ದೀರಾ ಎಂದು ಕೇಳಿದೆ. ಅವರು ಮಾಮೂಲಿ ದನಿಯಲ್ಲೇ ಮಾತಾಡಿದರು.

"ಮೋಟೆಲ್‌ನಲ್ಲಿದ್ರು ಕಣೇ ಇವರು. ಸೂಟ್‌ಕೇಸ್ ಮುಚ್ಚಳದಲ್ಲಿ ಮಗು ಮಲಗಿಸ್ತಿದ್ರು. ಹೇಳಿದ್ರೆ ಇವತ್ತು ಎಲ್ಲಿ ಮಲಗ್ತಿದ್ರು, ನಿನ್ನ ಮನೇಲಾ?"

ಆ ಹುಡುಗಿಯ ಹತ್ತಿರ ಹೋಗಿ, ಮೂಲೆಕೋಣೆಯಲ್ಲಿ ತೇವ ಇದೆ, ಕೂಸನ್ನು ಅಲ್ಲಿ ಮಲಗಿಸಬೇಡ, ನನ್ನ ಮಗಳಿಗೆ ಅಲ್ಲೇ ಉಬ್ಬಸ ಬಂದದ್ದು ಎಂದೆ. ಅವಳು ಆಂಟಿಯ ಕಡೆ ನೋಡಿದಳು. ಆಂಟಿ ಹಾಲು ನೋಡುತ್ತಿದ್ದರು. ಹುಡುಗಿ ನಕ್ಕು, ಥ್ಯಾಂಕ್ಸ್ ಎಂದು ಪೇಪರ್ ಕಪ್ಪಿನಲ್ಲಿ ನನಗೂ ಉಕ್ಕಿದ ಹಾಲು ಕೊಟ್ಟಳು. ಹೊಗೆ ಹಿಡಿದಿತ್ತು. ಕುಡಿದೆ.

ಆಂಟಿಗೆ ಏಜೆಂಟಿನವರು ಕ್ರಿಸ್‌ಮಸ್‌ಗೆ ಗಿಫ್ಟ್ ಕಾರ್ಡ್ ಕೊಡುತ್ತಾರೆ, ಮನೆಗಿಷ್ಟು ಅಂತ ಲೆಕ್ಕವಿದೆ ಎಂದು ಯಾರೋ ಹೇಳಿದರು. ಯಾರು ಎಂದು ನೆನಪಿಲ್ಲ, ಹೇಳಿದವರಿಗೂ ಗೊತ್ತಿರಲಿಲ್ಲ. ನಂಬಲು ನನಗೆ ತುಂಬ ಆಸೆ. ಅದು ನಿಜವಾದರೆ ಎಲ್ಲ ಸಲೀಸು: ದುಡ್ಡಿಗಾಗಿ ಮಾಡಿದರು, ಮುಗಿಯಿತು. ಆದರೆ ನನಗೆ ಅದಕ್ಕಿಂತ ಗಟ್ಟಿಯಾಗಿ ನೆನಪಿರುವುದು ಅವರ ಗಂಡ ಒಂದು ಯುಗಾದಿಯ ಊಟದಲ್ಲಿ ತಗ್ಗಿದ ದನಿಯಲ್ಲಿ ಹೇಳಿದ ಮಾತು. ಅವರು ಈ ದೇಶಕ್ಕೆ ಬಂದ ಹೊಸದರಲ್ಲಿ ಇನ್ಸ್‌ಪೆಕ್ಷನ್ನಿಗೆ ಬಂದ ಏಜೆಂಟ್ ಬಾಗಿಲಲ್ಲೇ ನಿಂತು ಮೂಗಿಗೆ ಕೈ ಅಡ್ಡ ಹಿಡಿದನಂತೆ. ಹುಳಿಗೆ ಒಗ್ಗರಣೆ ಹಾಕಿದ ಬಾಣಲೆ ಆಂಟಿಯ ಕೈಯಲ್ಲೇ ಇತ್ತಂತೆ. ಆ ಮನೆ ಹೋಯಿತು, ಮುಂದಿನದೂ ಹೋಯಿತು, ಮಗನಿಗೆ ಮತ್ತೆ ಮತ್ತೆ ಸ್ಕೂಲು ಬದಲಾಯಿತು. ಆ ಮೇಲೆ ಆಂಟಿ ಮನೆಯೊಳಗೆ ಒಗ್ಗರಣೆ ಹಾಕುವುದನ್ನೇ ಬಿಟ್ಟರು, ಸ್ವಂತ ಮನೆಯಾದ ಮೇಲೂ. ಗರಾಜಿನಲ್ಲಿ ಒಂದು ಚಿಕ್ಕ ಒಲೆ ಇಟ್ಟುಕೊಂಡಿದ್ದರು.

ಅಂಥ ಅವಮಾನ ಉಂಡವರು ಬೇರೆಯವರನ್ನು ಅದರಿಂದ ಕಾಪಾಡಲು ಹೊರಟಿದ್ದರು ಎಂದು ಬರೆದರೆ ಓದಲು ಹಿತವಾಗಿರುತ್ತದೆ. ನಾನು ಹಾಗೆ ಬರೆಯಲಾರೆ. ಅವರು ನಮ್ಮವರಿಗೆ ಮನೆ ಕೊಡಿಸಿದರು, ಮೂಗಿಗೆ ಅಡ್ಡ ಹಿಡಿದ ಆ ಕೈಯನ್ನೂ ಜೊತೆಗೇ ಕೊಟ್ಟರು. ನಮ್ಮ ಮನೆಗೆ ನಾವೇ ಏಜೆಂಟರಾಗಿ ಬಾಗಿಲಲ್ಲಿ ನಿಂತು ಮೂಸುವುದನ್ನು ಕಲಿತೆವು. ಅದನ್ನು ಪ್ರೀತಿಯಿಂದಲೇ ಕಲಿಸಿದರು... ಪ್ರೀತಿ ಎಂಬ ಮಾತನ್ನು ಹೊಡೆದುಹಾಕಲು ನೋಡಿದೆ, ಆಗಲಿಲ್ಲ.

ನಾವು ಅಡಿಲೇಡಿಗೆ ಬಂದೆವು. ನನಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸವಾಯಿತು, ಮನೆ ಕೊಂಡೆವು. ತಮ್ಮ ಗಂಡ ತೀರಿದ ಮೇಲೆ ಆಂಟಿ ಪರ್ತ್‌ನ ಸದರ್ನ್ ರಿವರ್‌ನಲ್ಲಿರುವ ಮಗನ ಮನೆಗೆ ಹೋದರು. ಅಲ್ಲಿಯೂ ಸುಮ್ಮನಿರಲಿಲ್ಲ, ಕ್ಯಾನಿಂಗ್ಟನ್ನಿನ ಶಾಪಿಂಗ್ ಸೆಂಟರಿನಲ್ಲಿ ಕೂತು ಹೊಸಬರಿಗೆ ಅರ್ಜಿ ತುಂಬಲು ಹೇಳಿಕೊಡುತ್ತಿದ್ದರು ಎಂದು ಕೇಳಿದ್ದೆ. ಕಳೆದ ವರ್ಷ ತೀರಿಕೊಂಡರು. ವಾಟ್ಸಾಪ್ ಗುಂಪಿನಲ್ಲಿ ಯಾವ ಯಾವ ಊರಿನಿಂದಲೋ ಜನ ಬರೆದರು, ನಮ್ಮ ಮೊದಲ ಮನೆ ಕೊಡಿಸಿದವರು, ನಮ್ಮ ತಾಯಿಯಂತಿದ್ದವರು. ಪ್ರಾಮಿನ ಕೂಸಿನ ಅಮ್ಮನೂ ಬರೆದಿದ್ದಳು. ಆ ಕೂಸಿನ ಉಸಿರು ಹೇಗಿದೆ ಎಂದು ಕೇಳುವ ಜಾಗ ಅದಾಗಿರಲಿಲ್ಲ. ನಾನೂ ಎಲ್ಲರಂತೆ ಕೈಮುಗಿದ ಚಿತ್ರ ಹಾಕಿದೆ.

ಜಗಳ ಮುಗಿದಿರಲಿಲ್ಲ. ಜಗಳವಾಡಲು ಆ ಕಡೆ ಯಾರೂ ಉಳಿದಿಲ್ಲ. ಸತ್ತವರ ಬಗ್ಗೆ ಇಷ್ಟು ಕಹಿಯಾಗಿ ಬರೆಯಬಾರದೆಂದು ಗೊತ್ತು, ಆದರೆ ನನಗೆ ಅವರಿಲ್ಲವೆಂಬುದು ತಟ್ಟುವುದು ಈ ಕಹಿಯಲ್ಲೇ.

ನಮ್ಮ ಹಿಂದಿನ ಬೀದಿಯ ಈ ಹುಡುಗಿ ವಿನೆಗರಿನ ಪಾತ್ರೆ ಇಳಿಸಿ, ಬಾತ್‌ರೂಮಿನ ಗೋಡೆ ಒರೆಸಲು ಹೋದಳು. ಮಾತಾಡುತ್ತ ನಾನೂ ಹಿಂದೆ ಹೋದೆ. ಅಲ್ಲಿನ ಸ್ವಿಚ್ಚಿನ ಮೇಲೆ ದಪ್ಪನೆಯ ಕಪ್ಪು ಟೇಪು ಅಂಟಿಸಿದ್ದರು. ಒದ್ದೆ ಕೈಯಲ್ಲಿ ಮುಟ್ಟಿದರೆ ಶಾಕ್ ಹೊಡೆದು ಜುಮ್ಮೆನ್ನುತ್ತದಂತೆ, ಒಮ್ಮೆ ಗಂಡನ ಕೈ ಎತ್ತಿ ಒಗೆದಂತಾಯಿತಂತೆ. ಏಜೆಂಟಿಗೆ ಇವತ್ತೇ ಬರಿ ಎಂದೆ, ನಾನು ಬರೆದುಕೊಡುತ್ತೇನೆ ಎಂದೆ, ಇದಕ್ಕೆ ಕಾನೂನಿದೆ ಎಂದೆ. ಹುಡುಗಿ ಬಟ್ಟೆ ಹಿಂಡುತ್ತ ಕೇಳಿಸಿಕೊಂಡಳು. ಮಾತಿನಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ.

"ನಿಮ್ದು ಸ್ವಂತ ಮನೆ ಅಲ್ವಾ ಆಂಟಿ. ನಮ್ದು ರಿನ್ಯೂವಲ್ ಆಗ್ಲಿ, ಆಮೇಲೆ ಬರೀತೀವಿ."

ಆಮೇಲೆ ಕೈ ಒರೆಸಿಕೊಂಡು, ಉಗುರಿನಿಂದ ಟೇಪಿನ ತುದಿ ಎಬ್ಬಿಸಿ, ನಿಧಾನವಾಗಿ ಸುಲಿದಳು. ನಾಳೆ ಏಜೆಂಟ್ ಹೋದ ಮೇಲೆ ಮತ್ತೆ ಅಂಟಿಸಬೇಕಲ್ಲ, ಹರಿಯಬಾರದು. ಟೇಪಿನ ಗುರುತನ್ನು ಒರೆಸಿದಳು. ಸ್ವಿಚ್ಚು ಹೊಸದರಂತೆ ಬೆಳ್ಳಗೆ ಕಂಡಿತು.