ಸೊರಬದಲ್ಲಿ ಸಿಕ್ಕ ಐದನೇ ಭಾಗ

ಮಾಯಾಲೋಕದ ಕಾದಂಬರಿಗಳ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಮದುವೆಯಾದ ಮೇಲೆ, ಅತ್ತೆಯ ಜೊತೆ ಜಗಳವಾಡಿ. ಓಣಿಯ ಬೇರೆ ಮನೆಗಳಲ್ಲಿ ಅತ್ತೆ-ಸೊಸೆ ಹಾಲಿಗೆ, ಉಪ್ಪಿಗೆ, ತವರಿಗೆ ಹೋಗುವ ದಿನಕ್ಕೆ ಜಗಳವಾಡುತ್ತಿದ್ದರು. ನಾವು ಮಾಂತ್ರಿಕರ ವಿಷಯಕ್ಕೆ ಜಗಳವಾಡುತ್ತಿದ್ದೆವು.

ತೊಂಬತ್ತರ ದಶಕದ ನಡುವಿನ ಮಾತು. ಸೊರಬದಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂದಿದ್ದೆ. ಮನೆಯ ಗಂಡಸರು ಬೀಜ-ಗೊಬ್ಬರದ ಅಂಗಡಿಗೆ ಹೋದ ಮೇಲೆ ಮಧ್ಯಾಹ್ನ ನಮ್ಮಿಬ್ಬರದೇ. ಅತ್ತೆಗೆ ಓದು ಬರುತ್ತಿತ್ತು, ಆದರೆ ಸಣ್ಣ ಅಕ್ಷರ ನೋಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಲೈಬ್ರರಿಯಿಂದ ತಂದ ಪುಸ್ತಕ ಜೋರಾಗಿ ಓದುತ್ತಿದ್ದೆ, ಅವರು ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದರು. ಸಾಮಾಜಿಕ ಕಾದಂಬರಿ ಶುರು ಮಾಡಿದರೆ ಅರ್ಧ ಪುಟಕ್ಕೇ ಕೈ ಎತ್ತುತ್ತಿದ್ದರು. "ಬ್ಯಾಡವಾ, ಇದು ನಮ್ಮ ಓಣ್ಯಾಗೇ ದಿನಾ ನಡೀತೈತಿ. ಹಾರೂದು, ಮಾಯ ಆಗೂದು ಇರೋದನ್ನ ಓದು."

ಹಾಗೆ ಓದಿದ್ದಕ್ಕೆ ಲೆಕ್ಕವಿಲ್ಲ. ಒಂದು ಕಾದಂಬರಿಯಲ್ಲಿ ನಾಯಕನ ಖಡ್ಗಕ್ಕೆ ಎದುರೇ ಇರಲಿಲ್ಲ. ಪ್ರತಿ ಅಧ್ಯಾಯದಲ್ಲೂ ಒಬ್ಬ ರಾಕ್ಷಸ ಬರುತ್ತಿದ್ದ, ಸಾಯುತ್ತಿದ್ದ. ನನಗೆ ಆಕಳಿಕೆ, ಅತ್ತೆಗೆ ಹಬ್ಬ. ಇನ್ನೊಂದರಲ್ಲಿ ನಾನೂರು ಪುಟ ನಮ್ಮನ್ನು ಪಾತಾಳವೆಲ್ಲ ಸುತ್ತಿಸಿದ ಲೇಖಕರು ಕಡೆಗೆ ನಾಯಕನನ್ನು ಹಾಸಿಗೆಯಿಂದ ಎಬ್ಬಿಸಿ ಎಲ್ಲವೂ ಕನಸು ಅಂದುಬಿಟ್ಟರು. ಆ ದಿನ ಮಾತ್ರ ನಾವಿಬ್ಬರೂ ಒಂದೇ ಪಕ್ಷ. "ನಮ್ಮನ್ನ ಕುರಿ ಮಾಡ್ಯಾನ," ಎಂದು ಅತ್ತೆ ಅವರೆಕಾಯಿಯ ಮೊರವನ್ನು ಆಚೆ ತಳ್ಳಿದರು.

ನನ್ನ ವಾದ ಒಂದೇ. ಮಂತ್ರ ಯಾವುದಿದ್ದರೂ ಅದಕ್ಕೊಂದು ಕಟ್ಟಳೆ ಇರಬೇಕು, ಅದನ್ನು ಬಳಸಿದವನು ಏನಾದರೂ ಕಳೆದುಕೊಳ್ಳಬೇಕು. ಕಳೆದುಕೊಳ್ಳುವುದು ಏನೂ ಇಲ್ಲದಿದ್ದರೆ ಅವನಿಗಾಗಿ ನಾನು ಯಾಕೆ ಹೆದರಲಿ? ಅತ್ತೆ ಇದನ್ನು ಒಪ್ಪುತ್ತಿರಲಿಲ್ಲ. "ಮಂತ್ರ ಅಂದ್ರೆ ಮಂತ್ರ. ಅದೇನು ಶಿರಾಳಕೊಪ್ಪದ ಸಂತಿ ವ್ಯಾಪಾರನಾ, ಇಷ್ಟು ಕೊಡು, ಇಷ್ಟು ತಗೋ ಅನ್ನಾಕ?"

ಇಂಥ ಹೊತ್ತಿಗೆ ನಮ್ಮ ಕೈಗೆ ಅಂಬಿಗನ ಕಥೆ ಸಿಕ್ಕಿತು. ಏಳು ಭಾಗದ ಕಾದಂಬರಿ, ಕೆಂಪು ರಟ್ಟು. ನದಿ ಮಾಯವಾದ ನಾಡಿನಲ್ಲಿ ಒಬ್ಬ ಅಂಬಿಗ, ಒಣಗಿದ ನದೀಪಾತ್ರದಲ್ಲಿ ದೋಣಿ ಎಳೆದುಕೊಂಡು ತನ್ನ ನದಿಯನ್ನು ಹುಡುಕಿ ಹೊರಡುತ್ತಾನೆ. ಮೊದಲ ಭಾಗದಲ್ಲೇ ಜಲದೇವತೆ ಹೇಳಿಬಿಡುತ್ತಾಳೆ: ನೀನು ಕೇಳಿದ್ದು ಕೊಡುತ್ತೇನೆ, ಆದರೆ ಅಷ್ಟೇ ತೂಕದ ನಿನ್ನದೊಂದನ್ನು ಇಟ್ಟುಕೊಳ್ಳುತ್ತೇನೆ. ಅದನ್ನು ಓದಿದಾಗ ನನ್ನ ಮೈ ಜುಮ್ಮೆಂದಿತು. ಇದು ನನ್ನ ಪುಸ್ತಕ ಅನ್ನಿಸಿತು.

ನಾಲ್ಕನೇ ಭಾಗ ಮುಗಿದಾಗ ಅಂಬಿಗ ಬಂಡೆಯ ತುದಿಯಲ್ಲಿದ್ದ. ಹಿಂದೆ ಶತ್ರುಸೈನ್ಯ, ಮುಂದೆ ದೇವತೆಯ ಗುಹೆ. ಓಡೋಡಿ ಲೈಬ್ರರಿಗೆ ಹೋದರೆ ಐದನೇ ಭಾಗವೇ ಇಲ್ಲ. ಯಾರೋ ಒಯ್ದವರು ತಿರುಗಿ ತಂದಿರಲಿಲ್ಲ. ಆರನೆಯದು ಇತ್ತು. ತಡೆಯಲಾರದೆ ಅದನ್ನೇ ತಂದು ಓದಿದೆವು.

ಆರನೆಯದರಲ್ಲಿ ನದಿ ಹರಿಯುತ್ತಿತ್ತು! ಅಂಬಿಗ ಬದುಕಿದ್ದ, ಜನರನ್ನು ದಾಟಿಸುತ್ತಿದ್ದ. ಆದರೆ ಓದುತ್ತ ಓದುತ್ತ ನನಗೊಂದು ವಿಷಯ ಚುಚ್ಚತೊಡಗಿತು. ಇಡೀ ಪುಸ್ತಕದಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಮೊದಲ ನಾಲ್ಕು ಭಾಗದಲ್ಲಿ ಅವನ ತಾಯಿ ಬಾಯ್ತುಂಬ ಕರೆಯುತ್ತಿದ್ದ ಹೆಸರು ಇಲ್ಲಿ ಒಂದು ಸಾಲಿನಲ್ಲೂ ಇಲ್ಲ. ತಾಯಿಯೇ ದೋಣಿ ಹತ್ತುತ್ತ, "ನೀನು ಯಾರ ಮಗನಪ್ಪಾ?" ಎಂದು ಕೇಳುತ್ತಾಳೆ.

"ಅತ್ತಿ, ಅವನು ನದಿಗಾಗಿ ತನ್ನ ಹೆಸರು ಕೊಟ್ಟಾನ," ಎಂದೆ.

"ಹುಚ್ಚಿ. ಹೆಸರೇನು ಬಿಚ್ಚಿ ಕೊಡಾಕ ಬಳೀನೇ? ಅವ ಗೆದ್ದು ನದಿ ತಂದಾನ. ದೊಡ್ಡ ಮನಷಾ ಆಗ್ಯಾನ. ದೊಡ್ಡವರನ್ನ ಹೆಸರು ಹಿಡಿದು ಕರೀತಾರೇನು? ನಾ ನಿಮ್ಮ ಮಾವನ ಹೆಸರು ಒಂದು ದಿನಾನೂ ಹೇಳಿಲ್ಲ. ಹಂಗಂತ ಅವರಿಗೆ ಹೆಸರಿಲ್ಲೇನು?"

ಹಾಗಾದರೆ ತಾಯಿಯೇ ಯಾಕೆ ಗುರುತು ಹಿಡಿಯಲಿಲ್ಲ ಎಂದು ಕೇಳಿದೆ. ಅದಕ್ಕೂ ಅತ್ತೆಯ ಬಳಿ ಸಮಜಾಯಿಷಿ ಇತ್ತು: ಮುದುಕಿಗೆ ಕಣ್ಣು ಮಂಜಾಗಿದೆ. ವಾದ ಮಳೆಗಾಲವಿಡೀ ನಡೆಯಿತು. ರೊಟ್ಟಿ ಬಡಿಯುವಾಗ ಶುರುವಾದದ್ದು ಊಟಕ್ಕೆ ಬಡಿಸುವಾಗಲೂ ಮುಗಿಯುತ್ತಿರಲಿಲ್ಲ. ನನ್ನ ಗಂಡ ತಟ್ಟೆಯಿಂದ ತಲೆ ಎತ್ತದೆ, "ಆ ಅಂಬಿಗನ್ನ ಯಾವಾಗ ದಡ ಮುಟ್ಟಿಸ್ತೀರಿ?" ಎನ್ನುತ್ತಿದ್ದರು.

ಆಗ ತವರಿನಿಂದ ಬಂದ ನನ್ನ ತಂಗಿ ಆರನೇ ಭಾಗವನ್ನು ತಿರುವಿ ನೋಡಿ, "ಅಕ್ಕಾ, ಇಂಥದೇ ಕೆಂಪು ರಟ್ಟಿಂದು ನಮ್ಮೂರ ಲೈಬ್ರರೀಲಿ ಒಂದೈತೆ. ಬೆನ್ನ ಮೇಲೆ ಐದು ಅಂತ ಬರೆದೈತೆ ಕಣೆ," ಎಂದಳು.

ಅತ್ತೆ ಸುಲಿಯುತ್ತಿದ್ದ ಕೈ ನಿಲ್ಲಿಸಿದರು. ಅದೇ ವಾರ ಮಾವನಿಗೆ, "ಸೊಸಿ ತವರಿಗೆ ಹೋಗಿ, ಹಂಗೇ ಗುಡವಿಗೆ ಹಕ್ಕಿ ನೋಡಾಕ ಹೋಗ್ತೀವಿ," ಎಂದು ಹೇಳಿ ನನ್ನ ಜೊತೆ ಬಸ್ಸು ಹತ್ತಿದರು. ಹಕ್ಕಿಯ ಮೇಲೆ ಅವರಿಗೆ ಅಷ್ಟು ಪ್ರೀತಿ ಇದ್ದದ್ದು ಮಾವನಿಗೂ ಅಂದೇ ತಿಳಿದದ್ದು.

ಸೊರಬದಲ್ಲಿ ಇಳಿದವರೇ ತವರುಮನೆಗೂ ಹೋಗದೆ ನೇರ ಲೈಬ್ರರಿಗೆ ಹೋದೆವು. ಪುಸ್ತಕ ಕಪಾಟಿನಲ್ಲಿರಲಿಲ್ಲ. ಮೇಜಿನ ಪಕ್ಕ ಸುತಲಿ ದಾರದಲ್ಲಿ ಕಟ್ಟಿದ ಹರಿದ ಪುಸ್ತಕಗಳ ಗಂಟಿನಲ್ಲಿತ್ತು.

"ಕೊಡಕ್ಕಾಗಲ್ರೀ ಅಮ್ಮ," ಎಂದರು ಲೈಬ್ರರಿಯವರು. "ಹಾಳೆ ಎಲ್ಲ ಬಿಟ್ಕೊಂಡೈತೆ. ಸಾಯಂಕಾಲ ಬೈಂಡಿಂಗಿಗೆ ಹೋಗ್ತದೆ. ಬರೋದು ಯಾವಾಗ ಅಂತ ನಂಗೂ ಗೊತ್ತಿಲ್ಲ."

ಅತ್ತೆ ಸೆರಗು ಸರಿಮಾಡಿಕೊಂಡರು. "ಸಾಯಂಕಾಲ ಅಂದ್ರಿ ಹೌದಲ್ರೀ? ಈಗಿನ್ನೂ ಬೆಳಗೈತಿ. ಇಲ್ಲೇ ಕುಂತು ಓದಿ ಕೊಡ್ತೀವಿ."

"ಓದ್ರಿ. ಆದ್ರೆ ಒಳಗೆ ಜೋರಾಗಿ ಓದಂಗಿಲ್ಲ."

"ಹೊರಗೆ ಓದಬೋದಲ್ಲ?"

ಅವರು ನಕ್ಕು ಗಂಟು ಬಿಚ್ಚಿದರು.

ಜಗಲಿಯ ಮೇಲೆ ಕೂತು ಓದತೊಡಗಿದೆ. ಸಡಿಲ ಹಾಳೆಗಳು ಗಾಳಿಗೆ ಹಾರದಂತೆ ಅತ್ತೆ ಅಂಗೈ ಒತ್ತಿ ಹಿಡಿದಿದ್ದರು. ಪೇಟೆಗೆ ಬಂದ ಇಬ್ಬರು ಹೆಂಗಸರು ಚೀಲ ಇಳಿಸಿ ಕೂತರು. ಪೇಪರ್ ಓದಲು ಬಂದವರು ಪೇಪರ್ ಮಡಿಸಿ ಹೊರಗೆ ಬಂದರು. ಹೊಸದಾಗಿ ಬಂದವರಿಗೆ ಹಿಂದಿನ ಕಥೆ ಹೇಳುವ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡರು. ಒಣ ನದಿ, ದೋಣಿ, ಜಲದೇವತೆಯ ಮಾತು, ಒಂದನ್ನೂ ಬಿಡಲಿಲ್ಲ.

ಒಬ್ಬಳು ತಕ್ಷಣ ಕೇಳಿದಳು: "ಹಂಗಾರೆ ಅವ ಏನಾರು ಕೊಡಲೇಬೇಕಲ್ಲಮ್ಮ?"

ಅತ್ತೆ ನನ್ನ ಕಡೆ ಓರೆನೋಟ ಬೀರಿ, "ಓದು, ಓದು," ಎಂದರು.

ಗುಹೆಯ ಅಧ್ಯಾಯ ಬಂತು. ಅಂಬಿಗ ನದಿಯನ್ನು ಕೇಳುತ್ತಾನೆ. ದೇವತೆ ಅವನ ದೋಣಿ ಬೇಡವೆನ್ನುತ್ತಾಳೆ, ತೋಳಿನ ಬಲ ಬೇಡವೆನ್ನುತ್ತಾಳೆ, ಪ್ರಾಣವೂ ಬೇಡವೆನ್ನುತ್ತಾಳೆ. ಹಾಳೆ ತಿರುವಿದೆ. ನಿನ್ನ ತಾಯಿ ಇಟ್ಟ ಹೆಸರು ಕೊಡು, ಎನ್ನುತ್ತಾಳೆ ದೇವತೆ. ಅದನ್ನು ಕೊಟ್ಟ ಗಳಿಗೆಯಿಂದ ಹೆಸರೂ ಇಲ್ಲ, ಹೆಸರಿಟ್ಟವಳಿಗೆ ನೆನಪೂ ಇಲ್ಲ.

ನಾನು ಎದ್ದು ನಿಂತುಬಿಟ್ಟೆ. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಎದುರು ಅಷ್ಟು ದೊಡ್ಡ ದನಿ ತೆಗೆದದ್ದಿಲ್ಲ. "ಹೆಸರು! ಅತ್ತಿ, ಹೆಸರೇ! ನಾ ಹೇಳಿರಲಿಲ್ಲಾ?"

ಜಗಲಿಯ ಮೇಲಿದ್ದವರೆಲ್ಲ ನಮ್ಮಿಬ್ಬರನ್ನೂ ನೋಡಿದರು. ಲೈಬ್ರರಿಯವರು ಬಾಗಿಲಿಗೆ ಬಂದರು. ಅತ್ತೆಯ ಕಣ್ಣಲ್ಲಿ ನೀರಿತ್ತು, ಸಣ್ಣ ಅಕ್ಷರ ನೋಡಿದ್ದಕ್ಕಲ್ಲ. "ತಾಯಿ ಇಟ್ಟಿದ್ದು ಕೊಟ್ಟನಲ್ಲೇ," ಎಂದರು ಮೆಲ್ಲಗೆ. ಆಮೇಲೆ ಮುಖವರಳಿಸಿ, ಎಲ್ಲರಿಗೂ ಕೇಳುವಂತೆ, "ಗೆದ್ದಿ ಬಿಡವಾ. ನನ್ನ ಸೊಸಿ ಗೆದ್ದಳ್ರೀ! ಆರು ಓದಿ ಐದರಾಗ ಏನೈತಿ ಅಂತ ಹೇಳಿದ್ಲು!" ಎಂದು ಚಪ್ಪಾಳೆ ತಟ್ಟಿದರು. ಚೀಲದ ಹೆಂಗಸರೂ ತಟ್ಟಿದರು. ಮುಂದೆ ನಾನು ಬರೆದದ್ದಕ್ಕೆ ಸಣ್ಣಪುಟ್ಟ ಬಹುಮಾನಗಳು ಬಂದಿವೆ. ಯಾವುದೂ ಆ ಚಪ್ಪಾಳೆಗೆ ಸಮನಾಗಲಿಲ್ಲ.

ಉಳಿದ ಪುಟಗಳನ್ನು ಗಂಟಲು ಕಟ್ಟುವವರೆಗೆ ಓದಿ, ಬಿಸಿಲು ಇಳಿಯುವ ಮುಂಚೆ ಪುಸ್ತಕ ಒಪ್ಪಿಸಿದೆವು. ಇಂದಿಗೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಏಳರಲ್ಲಿ ಐದನೆಯದೇ ಶ್ರೇಷ್ಠ. ಏಳನೆಯದರಲ್ಲಿ ಲೇಖಕರಿಗೆ ಕರುಣೆ ಉಕ್ಕಿ ಅಂಬಿಗನಿಗೆ ಹೆಸರು ವಾಪಸ್ ಕೊಡಿಸಿದರು. ತಾವೇ ಹಾಕಿದ ಕಟ್ಟಳೆಯನ್ನು ತಾವೇ ಮುರಿದರು. ಅದನ್ನು ಓದಿದ ದಿನ ಅತ್ತೆ ನನಗಿಂತ ಮೊದಲೇ ಸಿಟ್ಟಾದರು. "ಕೊಟ್ಟಿದ್ದು ಕೊಟ್ಟಂಗ ಇರಬೇಕು. ಇಲ್ಲಂದ್ರ ಅವತ್ತು ನಾ ಅತ್ತಿದ್ದು ಏನಾತು?" ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ.

ಐದನೆಯದನ್ನು ಓದಿದ ಆ ಸಂಜೆ ನಾವು ತವರಿನಲ್ಲಿ ಉಳಿದು, ಮರುದಿನ ಶಿಕಾರಿಪುರದ ಬಸ್ಸು ಹತ್ತಿದೆವು. ಶಿರಾಳಕೊಪ್ಪ ದಾಟುವ ಹೊತ್ತಿಗೆ ಅತ್ತೆ ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೆ ಅಂಬಿಗನ ಕಥೆ ಹೇಳತೊಡಗಿದ್ದರು. "ಮಂತ್ರ ಅಂದ ಮ್ಯಾಲೆ ಏನಾರ ಕೊಡಲೇಬೇಕಲ್ರೀ? ಅವನ ಹೆಸರು ಯಾರೂ ಹೇಳದಿದ್ದಾಗಲೇ ನನಗ ಗೊತ್ತಾತು ನೋಡ್ರಿ," ಎನ್ನುತ್ತಿದ್ದರು. ನಾನು ಕಿಟಕಿಯ ಕಡೆ ತಿರುಗಿ, ಊರು ಬರುವವರೆಗೂ ನಗುತ್ತ ಕೂತೆ.